ಗುದ್ದಲಿ ಪೂಜೆಗೆ ಮೊದಲೇ ಕೇಳಿ: ಸರ್ಕಾರಿ ಕಾಮಗಾರಿಯ ದುಡ್ಡು ಊರಿಗೂ ಕೂಲಿಯವರಿಗೂ ಸಿಗಬೇಕಾದರೆ

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ಈಗ ಎತ್ತ ಹೋದರೂ ಅಗೆತ. ಒಂದು ಕಡೆ ಭದ್ರಾ ಮೇಲ್ದಂಡೆ ಕಾಲುವೆ. ಇನ್ನೊಂದು ಕಡೆ ತುಮಕೂರು–ಚಿತ್ರದುರ್ಗ–ದಾವಣಗೆರೆ ಹೊಸ ರೈಲು ಮಾರ್ಗ. ಹೆದ್ದಾರಿ 48ರ ಪಕ್ಕ ಸರ್ವಿಸ್ ರಸ್ತೆ, ಹಳ್ಳಿಗಳಲ್ಲಿ ಜಲ ಜೀವನ್ ಮಿಷನ್ ಪೈಪು, ಕೆರೆಗೆ ನೀರು ತುಂಬಿಸುವ ಕೆಲಸ. ದಾವಣಗೆರೆಯಂತೂ 2016ರ ಜನವರಿಯಲ್ಲೇ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಗೆ ಸೇರಿತ್ತು. ದುಡ್ಡು ಬಂದಿಲ್ಲ ಎಂದು ಹೇಳುವ ಹಾಗಿಲ್ಲ.

ಆದರೂ ಜಗಳೂರಿನ ಗಾರೆ ಕೆಲಸದವನು ಬೆಂಗಳೂರಿಗೆ ಗುಳೆ ಹೋಗುತ್ತಾನೆ. ತಾಂಡಾದ ಜನ ಕಾಫಿ ತೋಟಕ್ಕೆ ಹೋಗುತ್ತಾರೆ. ಅವರದೇ ಮನೆ ಮುಂದಿನ ಚರಂಡಿ ಕಟ್ಟುವುದಕ್ಕೆ ಬೇರೆ ಕಡೆಯಿಂದ ಜನ ಬರುತ್ತಾರೆ, ಅವರಿಗೂ ಪೂರ್ತಿ ಕೂಲಿ ಸಿಗುವುದಿಲ್ಲ. ಊರಿನವರಿಗೆ ಸಿಗುವುದು ಧೂಳು, ಆಮೇಲೆ ಎರಡು ಮಳೆಗೆ ಕಿತ್ತು ಹೋಗುವ ರಸ್ತೆ.

ಇದಕ್ಕೆ ಒಂದು ದೊಡ್ಡ ಕಾರಣ ನಾವು ಎಚ್ಚರವಾಗುವ ಹೊತ್ತು. ಹೆಚ್ಚಿನ ಊರುಗಳಲ್ಲಿ ಜನಕ್ಕೆ ಕಾಮಗಾರಿ ಗೊತ್ತಾಗುವುದು ಗುದ್ದಲಿ ಪೂಜೆಯ ಫ್ಲೆಕ್ಸ್ ನೋಡಿದಾಗ. ಅಷ್ಟೊತ್ತಿಗೆ ಎಸ್ಟಿಮೇಟ್ ಆಗಿರುತ್ತದೆ, ಟೆಂಡರ್ ಮುಗಿದಿರುತ್ತದೆ, ಅಗ್ರಿಮೆಂಟಿಗೆ ಸಹಿ ಬಿದ್ದಿರುತ್ತದೆ. ಅಗ್ರಿಮೆಂಟಿನಲ್ಲಿ ಇರುವುದನ್ನು ಕೇಳಿದರೆ ಅದು ನಿಮ್ಮ ಹಕ್ಕು. ಇಲ್ಲದ್ದನ್ನು ಕೇಳಿದರೆ ಗುತ್ತಿಗೆದಾರ ಉಪಕಾರ ಮಾಡಬೇಕು, ಅಷ್ಟೇ. ಹಾಗಾಗಿ ಈ ಬರಹದ ಒಂದು ದೊಡ್ಡ ಭಾಗ ಪೂಜೆಗೆ ಮೊದಲಿನ ಕೆಲಸದ ಬಗ್ಗೆಯೇ ಇದೆ.

ಮೊದಲು, ಕೆಲಸ ಯಾರದ್ದು ಎಂದು ಹಿಡಿಯಿರಿ

ರಾಷ್ಟ್ರೀಯ ಹೆದ್ದಾರಿ 48 ಹೆದ್ದಾರಿ ಪ್ರಾಧಿಕಾರದ್ದು. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಯದ್ದು. ಹಳ್ಳಿ ರಸ್ತೆ ಬಹುಪಾಲು ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದು. ನಲ್ಲಿ ನೀರಿನ ಪೈಪು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯದ್ದು. ಕೆರೆಗಳಲ್ಲಿ 40 ಹೆಕ್ಟೇರ್‌ವರೆಗೆ ಅಚ್ಚುಕಟ್ಟು (ಆ ನೀರು ಹರಿಯುವ ಜಮೀನು) ಇರುವುದು ಪಂಚಾಯಿತಿ ಕಡೆಗೆ, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿಗೆ. ಭದ್ರಾ ಮೇಲ್ದಂಡೆ ಕೆಲಸ ವಿಶ್ವೇಶ್ವರಯ್ಯ ಜಲ ನಿಗಮದ್ದು. ದಾವಣಗೆರೆ ನಗರದ 45 ವಾರ್ಡುಗಳ ಒಳಗೆ ಮಹಾನಗರ ಪಾಲಿಕೆ. ಹೊಸ ಬಡಾವಣೆ ಎಂದರೆ ದೂಡಾ, ಅಂದರೆ ನಗರಾಭಿವೃದ್ಧಿ ಪ್ರಾಧಿಕಾರದ ಹೆಸರೂ ಬರುತ್ತದೆ.

ಇದು ಸಪ್ಪೆ ವಿಷಯ ಅನ್ನಿಸಬಹುದು. ಆದರೆ ತಪ್ಪು ಕಚೇರಿಗೆ ಅರ್ಜಿ ಕೊಟ್ಟು ತಿಂಗಳುಗಟ್ಟಲೆ ಕಾಯುವವರೇ ಜಾಸ್ತಿ. ಪಿಡಿಒ ಹತ್ತಿರ ಹೋಗಿ ಹೆದ್ದಾರಿ ಅಂಡರ್‌ಪಾಸ್ ಕೇಳಿದರೆ ಅವರಾದರೂ ಏನು ಮಾಡಬೇಕು?

ದುಡ್ಡಿನ ಮೂಲವನ್ನೂ ಕೇಳಿಕೊಳ್ಳಿ. ಪ್ರತಿ ಮೂಲಕ್ಕೂ ಅದರದ್ದೇ ನಿಯಮ ಇರುತ್ತದೆ. ಹೊಸದುರ್ಗ, ಹೊಳಲ್ಕೆರೆ, ಭೀಮಸಮುದ್ರದ ಗಣಿ ಪ್ರದೇಶದಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ ಇದೆ. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಬಂದದ್ದು ಇದು. ಹಳೆಯ ಗಣಿ ಗುತ್ತಿಗೆಗಳಿಂದ ರಾಯಲ್ಟಿಯ ಶೇ. 30ರಷ್ಟು, ಹರಾಜಿನಲ್ಲಿ ಕೊಟ್ಟ ಗಣಿಗಳಿಂದ ಶೇ. 10ರಷ್ಟು ಇದಕ್ಕೆ ಬರಬೇಕು. ಗಣಿಯಿಂದ ತೊಂದರೆಯಾದ ಜನರಿಗೇ ಈ ಹಣ ಮೀಸಲು. ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಪರಿಸರದಂಥ ಕೆಲಸಕ್ಕೆ ಇದರಲ್ಲಿ ಮೊದಲ ಜಾಗ. ಲಾರಿ ಧೂಳು ಕುಡಿಯುವ ಹಳ್ಳಿಯನ್ನು ಬಿಟ್ಟು ಜಿಲ್ಲಾ ಕೇಂದ್ರದಲ್ಲಿ ಕಟ್ಟಡ ಎದ್ದರೆ, ಅದು ಹೇಗೆ ಎಂದು ಕೇಳಲು ನಿಮಗೆ ಗಟ್ಟಿ ಆಧಾರ ಇದೆ.

ಪರಿಶಿಷ್ಟ ಜಾತಿ, ಪಂಗಡದ ಕೇರಿಗಳಿಗೆ, ಬಜೆಟ್‌ನಲ್ಲಿ ಅವರಿಗೆಂದೇ ಹಣ ತೆಗೆದಿಡುವ 2013ರ ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆ ಇದೆ. ಊರಿಗೆಲ್ಲ ಹಾಕಿದ ರಸ್ತೆಯನ್ನೂ ಈ ಲೆಕ್ಕಕ್ಕೆ ಬರೆದುಕೊಳ್ಳಲು ದಾರಿ ಮಾಡಿದ್ದ 7(ಡಿ) ಕಲಮನ್ನು 2023ರಲ್ಲಿ ತೆಗೆದು ಹಾಕಲಾಗಿದೆ. ಚಳ್ಳಕೆರೆ, ಮೊಳಕಾಲ್ಮುರು ಕಡೆ ಈ ಹಣ ದೊಡ್ಡದು. ಹಾಗಾಗಿ ಕೇರಿಗೆ ಮಂಜೂರಾದ ಸಿಸಿ ರಸ್ತೆ ನಿಜಕ್ಕೂ ಕೇರಿಯಲ್ಲೇ ಬಿತ್ತಾ ಎಂದು ನೋಡುವುದು ಒಳ್ಳೆಯದು.

ವಿದೇಶಿ ಬ್ಯಾಂಕ್ ಸಾಲದ ಕೆಲಸ ಆದರೆ ಇನ್ನೂ ಒಂದು ಬಾಗಿಲು ಇದೆ. ದಾವಣಗೆರೆ, ಹರಿಹರದ ಜಲಸಿರಿ ಕುಡಿಯುವ ನೀರಿನ ಯೋಜನೆಗೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲ ಇದೆ. ಇಂಥ ಯೋಜನೆಗಳಲ್ಲಿ ಜನರ ದೂರು ಕೇಳುವ ವ್ಯವಸ್ಥೆ ಇರಲೇಬೇಕು, ಕಾರ್ಮಿಕರ ರಕ್ಷಣೆಯ ಷರತ್ತುಗಳೂ ಇರುತ್ತವೆ. ಮಾಮೂಲಿ ಕಚೇರಿ ದಾರಿಗಿಂತ ಕೆಲವೊಮ್ಮೆ ಅಲ್ಲಿ ಬೇಗ ಉತ್ತರ ಸಿಗುತ್ತದೆ.

ಎಸ್ಟಿಮೇಟಿಗೆ ಮೊದಲು ನಿಮ್ಮ ಪಟ್ಟಿ ತಲುಪಲಿ

ರಸ್ತೆ ಎಂದರೆ ಬರೀ ರಸ್ತೆಯಲ್ಲ. ಪಕ್ಕದ ಚರಂಡಿ, ಹೊಲಕ್ಕೆ ಇಳಿಯುವ ಮೋರಿ, ದನ ದಾಟುವ ಅಂಡರ್‌ಪಾಸ್, ಶಾಲೆ ಮಕ್ಕಳಿಗೆ ತಂಗುದಾಣ. ಇವೆಲ್ಲ ಎಸ್ಟಿಮೇಟಿನಲ್ಲಿ ಒಂದೊಂದು ಸಾಲು. ಆ ಸಾಲು ಇದ್ದರೆ ಕೆಲಸ ಆಗುತ್ತದೆ. ಇಲ್ಲದಿದ್ದರೆ ಆಮೇಲೆ ರಸ್ತೆ ತಡೆ ಮಾಡಿದರೂ "ಮುಂದಿನ ಹಂತದಲ್ಲಿ ನೋಡೋಣ" ಎಂಬ ಮಾತು ಬರುತ್ತದೆ. ಹೆದ್ದಾರಿ ದಾಟಲು ಎರಡು ಕಿಲೋಮೀಟರ್ ಸುತ್ತಿ ಬರುವ ಊರಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಹಳ್ಳಿಯಲ್ಲಿ ಇದನ್ನು ಹೇಳುವ ಜಾಗ ವಾರ್ಡ್ ಸಭೆ ಮತ್ತು ಗ್ರಾಮ ಸಭೆ. ಅಲ್ಲಿ ಬಾಯಲ್ಲಿ ಕೂಗಿ ಬಂದರೆ ಸಾಲದು. ಬರೆದ ಕಾಗದ ಕೊಡಿ. ನಡಾವಳಿ ಪುಸ್ತಕದಲ್ಲಿ ನಿಮ್ಮ ಮಾತು ಠರಾವಾಗಿ ಸೇರಿತಾ ಎಂದು ಅಲ್ಲೇ ನೋಡಿ. ಸಭೆ ಮುಗಿದ ಮೇಲೆ ನಕಲು ಕೇಳಿ. ನಗರದಲ್ಲಾದರೆ ವಾರ್ಡ್ ಸಮಿತಿ. ಅದು ಕಾಗದದ ಮೇಲೆ ಮಾತ್ರ ಇದ್ದರೆ ಪಾಲಿಕೆ ಆಯುಕ್ತರಿಗೆ ನೇರವಾಗಿ ಬರೆಯಿರಿ. ಯೋಜನೆಗಳ ಪ್ರಗತಿ ನೋಡಲು, ಕೇಂದ್ರದ್ದಾದರೆ ಸಂಸದರ ಅಧ್ಯಕ್ಷತೆಯ ದಿಶಾ ಸಭೆ ಇದೆ, ರಾಜ್ಯದ್ದಾದರೆ ಉಸ್ತುವಾರಿ ಸಚಿವರ ಕೆಡಿಪಿ ಸಭೆ. ಆ ಸಭೆಗಳಲ್ಲಿ ನೀವು ಕೂರಲಾಗದು. ಆದರೆ ಸಭೆಗೆ ಒಂದು ವಾರ ಮೊದಲು ನಿಮ್ಮ ಠರಾವಿನ ನಕಲು ಒಬ್ಬ ಸದಸ್ಯರ ಕೈಯಲ್ಲಿದ್ದರೆ ಅಲ್ಲಿ ಪ್ರಶ್ನೆ ಬರುತ್ತದೆ, ಇಲ್ಲದಿದ್ದರೆ ಇಲ್ಲ.

ಪಟ್ಟಿಯಲ್ಲಿ ಏನಿರಬೇಕು? ಇಲ್ಲಿ ಒಂದು ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ನಮ್ಮ ಬಯಲು ಸೀಮೆಗೆ ಅದು ಭಾರಿ ಲಾಭದ್ದು. ಅದು ಮಣ್ಣು.

ರೈಲು ಹಳಿಗೆ, ಹೆದ್ದಾರಿಗೆ ಏರಿ ಹಾಕಲು ಲಕ್ಷಾಂತರ ಘನ ಮೀಟರ್ ಮಣ್ಣು ಬೇಕು. ಗುತ್ತಿಗೆದಾರ ಎಲ್ಲಿ ಹತ್ತಿರವೋ ಅಲ್ಲಿ ತೆಗೆಯುತ್ತಾನೆ. ಗೋಮಾಳದಲ್ಲಿ ಆಳದ ಗುಂಡಿ ಬೀಳುತ್ತದೆ, ದನ ಬೀಳುತ್ತವೆ, ಮಳೆಗಾಲದಲ್ಲಿ ಮಕ್ಕಳೂ ಬೀಳುತ್ತಾರೆ. ಅದೇ ಮಣ್ಣನ್ನು ಹೂಳು ತುಂಬಿದ ಕೆರೆಯಿಂದ, ಎಂಜಿನಿಯರ್ ಒಪ್ಪಿದ ಜಾಗ ಮತ್ತು ಆಳದಲ್ಲಿ ತೆಗೆದರೆ ಕೆರೆಗೆ ಹೊಟ್ಟೆ ಬರುತ್ತದೆ. ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯಲ್ಲಿ ಹೆದ್ದಾರಿ ಕೆಲಸಕ್ಕೆ ಕೆರೆ, ಹಳ್ಳಗಳ ಮಣ್ಣು ಬಳಸಿ ನೀರಿನ ಜಾಗ ಹಿಗ್ಗಿಸಿದರು. ಆ ಮಾದರಿಗೆ ಜಿಲ್ಲೆಯ ಹೆಸರೇ ಉಳಿದಿದೆ. ಒಂದು ಎಚ್ಚರ: ಮೇಲಿನ ಕಪ್ಪು ಗೋಡು ಏರಿಗೆ ಆಗುವುದಿಲ್ಲ, ಅದು ರೈತರ ಹೊಲಕ್ಕೆ ಹೋಗಬೇಕು. ಕೆಳಗಿನ ಗಟ್ಟಿ ಮೊರಂ ಮಾತ್ರ ಏರಿಗೆ, ಅದೂ ಮಣ್ಣು ಪರೀಕ್ಷೆ ಪಾಸಾದರೆ. ಕೆರೆ ಏರಿಯ ಬುಡದಲ್ಲಿ, ತೂಬಿನ ಹತ್ತಿರ ಅಗೆಯಲು ಬಿಡಲೇಬೇಡಿ. ಗ್ರಾಮ ಸಭೆ ಠರಾವಿನಲ್ಲಿ ಕೆರೆ ಹೆಸರು, ಸರ್ವೆ ನಂಬರ್, ಗೋಡನ್ನು ರೈತರು ಉಚಿತವಾಗಿ ಒಯ್ಯುವ ವ್ಯವಸ್ಥೆ, ಇಷ್ಟನ್ನೂ ಬರೆಸಿ.

ನೀರಾವರಿ ಕೆಲಸದಲ್ಲಿ ಅಚ್ಚುಕಟ್ಟು ನಕ್ಷೆ ಕೇಳಿ. ಭದ್ರಾ ಮೇಲ್ದಂಡೆಯಲ್ಲಿ ಚಿತ್ರದುರ್ಗ, ದಾವಣಗೆರೆ, ತುಮಕೂರು, ಚಿಕ್ಕಮಗಳೂರು ಜಿಲ್ಲೆಗಳ 2,25,515 ಹೆಕ್ಟೇರಿಗೆ ಹನಿ ನೀರಾವರಿಯ ಲೆಕ್ಕ ಇದೆ, ಜೊತೆಗೆ 367 ಕೆರೆ ತುಂಬಿಸುವ ಲೆಕ್ಕ. 2023–24ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ನೆರವು ಘೋಷಣೆಯಾಯಿತು, ಆಮೇಲೆ ಆ ದುಡ್ಡಿನ ಬಗ್ಗೆ ರಾಜ್ಯ–ಕೇಂದ್ರದ ಜಗ್ಗಾಟವೂ ಶುರುವಾಯಿತು. ಆ ಜಗ್ಗಾಟ ಮೇಲಿನವರಿಗೆ ಇರಲಿ. ನೀವು ನೋಡಬೇಕಾದ್ದು ನಿಮ್ಮ ಸರ್ವೆ ನಂಬರ್ ಪಟ್ಟಿಯಲ್ಲಿ ಇದೆಯಾ, ನಿಮ್ಮ ಕೆರೆಯ ಹೆಸರು ಇದೆಯಾ ಎಂದು. ಕಾಲುವೆ ನಿಮ್ಮ ಹೊಲ ಸೀಳಿಕೊಂಡು ಹೋಗಿ ನೀರು ಮಾತ್ರ ಮುಂದಿನ ಊರಿಗೆ ಹೋಗುವುದೂ ಉಂಟು.

ಜಮೀನು ಹೋಗುತ್ತಿದ್ದರೆ

ಇದಕ್ಕೆ ಒಳ್ಳೆಯ ವಕೀಲರ ಸಲಹೆಯೇ ಬೇಕು. ದಿನಗಳನ್ನು ಮಾತ್ರ ನೆನಪಿಡಿ. 2013ರ ಭೂಸ್ವಾಧೀನ ಕಾಯ್ದೆಯಡಿ ಪ್ರಾಥಮಿಕ ಅಧಿಸೂಚನೆ ಬಂದ 60 ದಿನದೊಳಗೆ ಆಕ್ಷೇಪಣೆ ಹಾಕಬೇಕು. ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಡಿ ಅದು ಬರೀ 21 ದಿನ. ಪರಿಹಾರ ಕಡಿಮೆ ಅನ್ನಿಸಿದರೂ ಹಣ ಬೇಕೇ ಬೇಕು ಎಂದಾದರೆ "ಆಕ್ಷೇಪಣೆಯೊಂದಿಗೆ ಪಡೆದಿದ್ದೇನೆ" ಎಂದು ಬರೆದು ಸಹಿ ಹಾಕಿ. ಇಲ್ಲದಿದ್ದರೆ ಹೆಚ್ಚಿನ ಪರಿಹಾರ ಕೇಳುವ ದಾರಿ ಮುಚ್ಚಬಹುದು. ಇನ್ನೊಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ. 2013ರ ಕಾಯ್ದೆಯಲ್ಲಿ ಬಾಧಿತ ಕುಟುಂಬ ಎಂದರೆ ಪಹಣಿ ಇರುವವರು ಮಾತ್ರ ಅಲ್ಲ. ಮೂರು ವರ್ಷದಿಂದ ಆ ಜಮೀನನ್ನೇ ನಂಬಿಕೊಂಡ ಗೇಣಿದಾರರು, ಪಾಲಿಗೆ ಮಾಡುವವರು, ಕೃಷಿ ಕೂಲಿಗಳೂ ಅದರಲ್ಲಿ ಬರುತ್ತಾರೆ. ಸರ್ವೆಗೆ ಬಂದಾಗ ಅವರ ಹೆಸರು ಬರೆಸುವುದು ಹೊಲದ ಯಜಮಾನರ ಜವಾಬ್ದಾರಿ ಎಂದೇ ನಾನು ಹೇಳುತ್ತೇನೆ.

ಟೆಂಡರ್ ಓದುವುದು

ರಾಜ್ಯದ ಕೆಲಸಗಳ ಟೆಂಡರ್ ಸರ್ಕಾರಿ ಖರೀದಿಯ ಕೆಪಿಪಿಪಿ ಪೋರ್ಟಲ್‌ನಲ್ಲಿ ಬರುತ್ತದೆ. ಇದಕ್ಕೆಲ್ಲ ಮೂಲ ಸರ್ಕಾರಿ ಖರೀದಿಗೆ ಬಂದ 1999ರ ಪಾರದರ್ಶಕತೆ ಕಾಯ್ದೆ. ಊರಿನಲ್ಲಿ ಕಂಪ್ಯೂಟರ್ ಬಲ್ಲ ಒಬ್ಬ ಹುಡುಗ ಅಥವಾ ಹುಡುಗಿ ವಾರಕ್ಕೊಮ್ಮೆ ತಾಲ್ಲೂಕಿನ ಹೆಸರು ಹಾಕಿ ಹುಡುಕಿದರೆ ಸಾಕು. ಟೆಂಡರ್ ದಾಖಲೆಯಲ್ಲಿ ನಾಲ್ಕು ಕಡೆ ಕಣ್ಣು ಹಾಯಿಸಿ: ಎಸ್ಟಿಮೇಟ್ ಮೊತ್ತ, ಕೆಲಸ ಮುಗಿಸುವ ಅವಧಿ, ದೋಷ ಹೊಣೆಗಾರಿಕೆ ಅವಧಿ (ಕೆಲಸ ಕೆಟ್ಟರೆ ಗುತ್ತಿಗೆದಾರನೇ ಸರಿ ಮಾಡಬೇಕಾದ ಅವಧಿ), ಕಾರ್ಮಿಕರ ಷರತ್ತುಗಳು.

ಒಂದು ಕೋಟಿ ರೂಪಾಯಿವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ ಶೇ. 17.15, ಪಂಗಡದವರಿಗೆ ಶೇ. 6.95 ಮೀಸಲು ಇದೆ. 2016ರಲ್ಲಿ ತಂದಾಗ ಮಿತಿ 50 ಲಕ್ಷ ಇತ್ತು. ಊರಿನಲ್ಲಿ ಡಿಪ್ಲೊಮಾ ಮುಗಿಸಿ ಕೂತ ಹುಡುಗರಿಗೆ ಇದು ನಿಜವಾದ ಅವಕಾಶ. ಹೆಸರು ಒಬ್ಬನದ್ದು, ಕೆಲಸ ಇನ್ನೊಬ್ಬನದ್ದು ಎಂಬ ಬೇನಾಮಿ ಆಟವೂ ಇದರಲ್ಲಿ ನಡೆಯುತ್ತದೆ. ಹೆಸರು ಬಾಡಿಗೆಗೆ ಕೊಟ್ಟವನಿಗೆ ಸಿಗುವುದು ಪುಡಿಗಾಸು. ನಾಳೆ ರಸ್ತೆ ಕಿತ್ತರೆ ನೋಟಿಸ್ ಬರುವುದು ಮಾತ್ರ ಅವನಿಗೇ.

ಟೆಂಡರೇ ಇಲ್ಲದೆ ಕೆಲಸ ನಡೆಯುತ್ತಿದ್ದರೆ ಎರಡು ಸಾಧ್ಯತೆ ಇದೆ. ಒಂದು, ಅದೇ 1999ರ ಕಾಯ್ದೆಯ 4(ಜಿ) ವಿನಾಯಿತಿಯಲ್ಲಿ ಸರ್ಕಾರಿ ಸಂಸ್ಥೆಗೆ ನೇರವಾಗಿ ಕೊಟ್ಟಿರಬಹುದು. ಇನ್ನೊಂದು, 5 ಲಕ್ಷದೊಳಗಿನ ತುಂಡು ಗುತ್ತಿಗೆ ಆಗಿರಬಹುದು. ಒಂದೇ ಬೀದಿಯ ಚರಂಡಿ "ಇಂಥವರ ಮನೆಯಿಂದ ಇಂಥವರ ಮನೆವರೆಗೆ" ಎಂದು ನಾಲ್ಕು ತುಂಡಾಗಿ ಬಂದಿದ್ದರೆ ಯಾಕೆ ಎಂದು ಕೇಳಿ.

ಎಸ್ಟಿಮೇಟಿಗಿಂತ ತೀರಾ ಕಡಿಮೆಗೆ ಟೆಂಡರ್ ಹಿಡಿದರೆ ಸರ್ಕಾರಕ್ಕೆ ಉಳಿತಾಯವಾಯಿತು ಎಂದು ಜನ ಖುಷಿಪಡುತ್ತಾರೆ. ನನಗೆ ಅಲ್ಲೇ ಅನುಮಾನ. ಡೀಸೆಲ್ ದರ, ಕಬ್ಬಿಣದ ದರ ಗುತ್ತಿಗೆದಾರನ ಕೈಯಲ್ಲಿಲ್ಲ. ಅವನು ಕಡಿಮೆ ಮಾಡಬಹುದಾದ್ದು ಎರಡೇ: ಸಿಮೆಂಟು ಮತ್ತು ಕೂಲಿ.

ಕೂಲಿಯವರ ಲೆಕ್ಕ

ಉದ್ಯೋಗ ಖಾತರಿ ಕೆಲಸದ ನಿಯಮವೇ ಬೇರೆ. ಇಲ್ಲಿ ಹೇಳುತ್ತಿರುವುದು ಗುತ್ತಿಗೆ ಕೆಲಸದ ಬಗ್ಗೆ. 2025ರ ನವೆಂಬರ್ 21ರಿಂದ ಹಳೆಯ ಕಾರ್ಮಿಕ ಕಾಯ್ದೆಗಳ ಜಾಗಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳು ಬಂದಿವೆ. ಕೂಲಿಯವರಿಗೆ ಬೇಕಾದ ಮುಖ್ಯ ಅಂಶಗಳು ಇವು. ಕನಿಷ್ಠ ಕೂಲಿ ಕೊಡಲೇಬೇಕು. ಒಂದೇ ಕೆಲಸಕ್ಕೆ ಗಂಡಸಿಗೂ ಹೆಂಗಸಿಗೂ ಒಂದೇ ಕೂಲಿ. ಹೊತ್ತು ಮೀರಿ ದುಡಿದರೆ ಎರಡರಷ್ಟು ದರ. ವಾರದ ಬಟವಾಡೆ ಆದರೆ ವಾರದ ರಜೆಗೆ ಮೊದಲು, ತಿಂಗಳ ಸಂಬಳ ಆದರೆ ಮುಂದಿನ ತಿಂಗಳ 7ರೊಳಗೆ. ಕೆಲಸದಿಂದ ತೆಗೆದರೆ ಎರಡು ಕೆಲಸದ ದಿನದೊಳಗೆ ಬಾಕಿ ಚುಕ್ತಾ. ಬಾಕಿ ಕೂಲಿ ಕೇಳಲು ಮೂರು ವರ್ಷ ಅವಕಾಶ ಇದೆ.

"ಹೆಂಗಸರಿಗೆ ಕಡಿಮೆ, ಅದು ರೂಢಿ" ಎಂದು ಮೇಸ್ತ್ರಿ ಹೇಳುತ್ತಾನೆ. ಜಲ್ಲಿ ಬುಟ್ಟಿ ಹೊರುವ ಕೆಲಸ ಇಬ್ಬರೂ ಮಾಡುತ್ತಿದ್ದರೆ ಆ ರೂಢಿಗೆ ಕಾನೂನಿನಲ್ಲಿ ಜಾಗ ಇಲ್ಲ.

ಎಲ್ಲಕ್ಕಿಂತ ಉಪಯೋಗದ ಅಂಶ ಇದು: ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸುವ ಇಲಾಖೆಯೇ ಕೊಟ್ಟು, ಅವನ ಬಿಲ್ಲಿನಿಂದ ಹಿಡಿದುಕೊಳ್ಳಬೇಕು. ಸಬ್ ಕಾಂಟ್ರಾಕ್ಟರ್, ಅವನ ಕೆಳಗೆ ಇನ್ನೊಬ್ಬ, ಅವನ ಕೆಳಗೆ ಮೇಸ್ತ್ರಿ ಎಂದು ಸರಪಳಿ ಇರುತ್ತದೆ. ಮೇಸ್ತ್ರಿ ಫೋನ್ ಆಫ್ ಮಾಡಿಕೊಂಡು ಊರು ಬಿಟ್ಟ ಮೇಲೆ ಕೂಲಿಯವರು ಅವನನ್ನೇ ಹುಡುಕುತ್ತಾ ಅಲೆಯುತ್ತಾರೆ. ಅಲೆಯಬೇಡಿ. ಕಾರ್ಯಪಾಲಕ ಎಂಜಿನಿಯರಿಗೆ, ಅಂದರೆ ಇಇಗೆ, ನೇರ ಬರೆಯಿರಿ: ಇಂಥ ಕಾಮಗಾರಿ, ಇಷ್ಟು ಜನ, ಇಷ್ಟು ದಿನ, ಇಷ್ಟು ಬಾಕಿ, ಗುತ್ತಿಗೆದಾರನ ಮುಂದಿನ ಬಿಲ್ ತಡೆಹಿಡಿದು ನಮಗೆ ಕೊಡಿಸಿ. ಒಂದು ಪ್ರತಿ ಕಾರ್ಮಿಕ ಇಲಾಖೆಗೆ. ಬಿಲ್ ನಿಲ್ಲುತ್ತದೆ ಎಂದ ಕೂಡಲೇ ಸ್ವಿಚ್ ಆಫ್ ಆಗಿದ್ದ ಫೋನುಗಳು ಆನ್ ಆಗುತ್ತವೆ.

ರೈಲ್ವೆ ಮತ್ತು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಕೆಲಸ ಕೇಂದ್ರದ ವ್ಯಾಪ್ತಿ. ಅಲ್ಲಿ ಕನಿಷ್ಠ ಕೂಲಿ ದರವೂ ಕೇಂದ್ರದ್ದು, ದೂರು ಕೊಡಬೇಕಾದ್ದೂ ಕೇಂದ್ರದ ಕಾರ್ಮಿಕ ಜಾರಿ ಅಧಿಕಾರಿಗೆ. ರಾಜ್ಯದ ದರ ಪ್ರತಿ ವರ್ಷ ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಸೇರಿ ಬದಲಾಗುತ್ತದೆ. ಹಳೆಯ ಪಟ್ಟಿ ಹಿಡಿದು ವಾದ ಮಾಡಬೇಡಿ, ಆ ವರ್ಷದ್ದನ್ನು ಕಾರ್ಮಿಕ ನಿರೀಕ್ಷಕರ ಕಚೇರಿಯಿಂದ ತೆಗೆದುಕೊಳ್ಳಿ.

ದೂರು ನಿಲ್ಲಬೇಕಾದರೆ ಪುರಾವೆ ಬೇಕು. ಹಾಜರಿ ಪುಸ್ತಕ ಗುತ್ತಿಗೆದಾರನ ಹತ್ತಿರ ಇರುತ್ತದೆ, ಬೇಕೆಂದಾಗ ಸಿಗುವುದಿಲ್ಲ. ಹಾಗಾಗಿ ನಿಮ್ಮದೇ ಒಂದು ಚಿಕ್ಕ ನೋಟ್ ಪುಸ್ತಕ ಇರಲಿ. ದಿನ, ಜಾಗ, ಕೆಲಸ, ಮೇಸ್ತ್ರಿ ಹೆಸರು. ವಾರಕ್ಕೊಮ್ಮೆ ಕಾಮಗಾರಿ ಬೋರ್ಡ್ ಕಾಣುವ ಹಾಗೆ ಗುಂಪಿನ ಫೋಟೋ. ಫೋನ್‌ಪೇಯಲ್ಲಿ ದುಡ್ಡು ಬಂದರೆ ಆ ಮೆಸೇಜ್ ಅಳಿಸಬೇಡಿ. ಅವಘಡ ಆದಾಗ "ಇವನು ನಮ್ಮ ಕೆಲಸದವನೇ ಅಲ್ಲ" ಎಂಬ ಮಾತು ಬಂದೇ ಬರುತ್ತದೆ. ಪರಿಹಾರದ ಕೇಸಿನಲ್ಲಿ ಆ ಒಂದು ಫೋಟೋಕ್ಕೆ ಬಹಳ ಬೆಲೆ.

ಲೇಬರ್ ಕಾರ್ಡ್ ಬಗ್ಗೆ ಬೇರೆಯಾಗಿ ಹೇಳಬೇಕು. ಸರ್ಕಾರಿ ಕಟ್ಟಡ, ರಸ್ತೆ, ಕಾಲುವೆ ಯಾವುದೇ ಇರಲಿ, ಗುತ್ತಿಗೆದಾರನ ಬಿಲ್ಲಿನಲ್ಲಿ ಶೇ. 1 ಸೆಸ್ ಹಿಡಿದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಕಟ್ಟುತ್ತಾರೆ. ಹತ್ತು ಕೋಟಿಯ ಕೆಲಸ ನಿಮ್ಮ ಊರಿನಲ್ಲಿ ಆದರೆ ಹತ್ತು ಲಕ್ಷ ಮಂಡಳಿಗೆ ಹೋಯಿತು ಎಂದೇ ಲೆಕ್ಕ. ಆದರೆ ಅಲ್ಲಿ ದುಡಿದವನ ಹತ್ತಿರ ಕಾರ್ಡ್ ಇಲ್ಲದಿದ್ದರೆ ಅದರಲ್ಲಿ ಒಂದು ಪೈಸೆಯೂ ಅವನ ಮನೆಗೆ ಬರುವುದಿಲ್ಲ. 18ರಿಂದ 60 ವರ್ಷದೊಳಗಿರಬೇಕು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಆ 90 ದಿನಕ್ಕೆ ಗುತ್ತಿಗೆದಾರ, ನೋಂದಾಯಿತ ಕಾರ್ಮಿಕ ಸಂಘ, ಇಲ್ಲವೇ ಪಿಡಿಒ ಅಥವಾ ಕಾರ್ಮಿಕ ಇಲಾಖೆ ಅಧಿಕಾರಿ ಪ್ರಮಾಣ ಪತ್ರ ಕೊಡಬಹುದು. ಕೆಲಸ ನಡೆಯುತ್ತಿರುವಾಗಲೇ ಇದನ್ನು ಬರೆಸಿಕೊಳ್ಳಿ, ಮುಗಿದ ಮೇಲೆ ಯಾರೂ ಸಿಗುವುದಿಲ್ಲ. ಮಕ್ಕಳ ಓದಿಗೆ ಸಹಾಯ, ಮದುವೆಗೆ 60,000 ರೂಪಾಯಿ, 60 ವರ್ಷದ ನಂತರ ತಿಂಗಳಿಗೆ 3,000 ಪಿಂಚಣಿ, ಹೀಗೆ ಹಲವು ಸೌಲಭ್ಯ ಇವೆ. ನವೀಕರಣ ಮರೆತರೆ ಎಲ್ಲ ನಿಲ್ಲುತ್ತದೆ. ಕಾರ್ಮಿಕ ಸಹಾಯವಾಣಿ 155214.

ಗಾರೆ ಮುಟ್ಟದವರೂ ಕಾರ್ಡ್ ಮಾಡಿಸಿಕೊಂಡ ಊರುಗಳು ಇವೆ. ಬೋಗಸ್ ಕಾರ್ಡ್ ರದ್ದತಿ ಶುರುವಾದಾಗ ನಿಜವಾದ ಕೂಲಿಯವರ ಅರ್ಜಿಗೂ ಕತ್ತರಿ ಬೀಳುತ್ತದೆ. ಪಕ್ಕದ ಮನೆಯವರೇ ಆದರೂ ಇದನ್ನು ಹೇಳಬೇಕಾಗುತ್ತದೆ.

ಊರಿನವರಿಗೆ ಕೆಲಸ ಕೇಳುವುದು ಹೇಗೆ

ನೇರವಾಗಿ ಹೇಳಿಬಿಡುತ್ತೇನೆ. ಕಾಮಗಾರಿಯಲ್ಲಿ ಊರಿನವರನ್ನೇ ತೆಗೆದುಕೊಳ್ಳಬೇಕು ಎಂದು ಗುತ್ತಿಗೆದಾರನಿಗೆ ಹೇಳುವ ಸಾಮಾನ್ಯ ಕಾನೂನು ಇಲ್ಲ. ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲು ಕೊಡುವ ಮಸೂದೆಗೆ 2024ರ ಜುಲೈನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟು, ಕೆಲವೇ ದಿನದಲ್ಲಿ ತಡೆಹಿಡಿಯಿತು. ಹಾಗಾಗಿ "ಕಾನೂನು ಇದೆ" ಎಂದು ಸೈಟಿನಲ್ಲಿ ಜಗಳಕ್ಕೆ ಇಳಿದರೆ ಸೋಲುತ್ತೀರಿ.

ಆದರೆ ದಾರಿಗಳು ಇವೆ. ಒಂದು, ಅಪ್ರೆಂಟಿಸ್ ಕಾಯ್ದೆ. 30 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಸಂಸ್ಥೆ ಶೇ. 2.5ರಿಂದ ಶೇ. 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಗುತ್ತಿಗೆ ನೌಕರರೂ ಆ ಲೆಕ್ಕಕ್ಕೆ ಸೇರುತ್ತಾರೆ. ದೊಡ್ಡ ಕಂಪನಿಗಳು ಕಾಲುವೆ, ರೈಲು ಕೆಲಸ ಹಿಡಿದಿರುತ್ತವೆ. ಐಟಿಐ ಪ್ರಾಂಶುಪಾಲರು ಒಂದು ಪತ್ರ ಬರೆದರೆ ಸರ್ವೆ, ಎಲೆಕ್ಟ್ರಿಕಲ್, ವೆಲ್ಡಿಂಗ್ ಹುಡುಗರಿಗೆ ಜಾಗ ಸಿಗುವ ಸಾಧ್ಯತೆ ಇದೆ. ಈ ಪತ್ರ ಬರೆದ ಐಟಿಐ ನಾನು ಇನ್ನೂ ನೋಡಿಲ್ಲ, ಯಾರಾದರೂ ಶುರು ಮಾಡಲಿ.

ಎರಡು, ತಯಾರಾದ ಪಟ್ಟಿ. "ಹುಡುಗರಿಗೆ ಕೆಲಸ ಕೊಡಿ ಸಾರ್" ಎಂದರೆ ಮ್ಯಾನೇಜರ್ ನಗುತ್ತಾನೆ. ಬಾರ್ ಬೆಂಡಿಂಗ್ ಬಲ್ಲವರು ಇಷ್ಟು, ಸೆಂಟ್ರಿಂಗ್ ಇಷ್ಟು, ಲೈಸೆನ್ಸ್ ಇರುವ ಜೆಸಿಬಿ ಡ್ರೈವರ್ ಇಷ್ಟು, ಟ್ರ್ಯಾಕ್ಟರ್ ಇಷ್ಟು, ವಾಟರ್ ಟ್ಯಾಂಕರ್ ಇಷ್ಟು, ಫೋನ್ ನಂಬರ್ ಸಮೇತ ಒಂದು ಹಾಳೆ ಕೊಡಿ. ಕ್ಯಾಂಪ್ ಹಾಕುವ ಮೊದಲ ವಾರದಲ್ಲೇ ಕೊಡಿ. ಅವನಿಗೂ ಜನ ಬೇಕು ತಾನೇ? ಕ್ಯಾಂಪಿನ ಊಟ, ರೊಟ್ಟಿ, ತರಕಾರಿಗೆ ಮಹಿಳಾ ಸಂಘದವರು ದರಪಟ್ಟಿ ಕೊಡಬಹುದು. ಎರಡು ವರ್ಷ ನಡೆಯುವ ರೈಲು ಕೆಲಸದಲ್ಲಿ ಊಟದ ವಹಿವಾಟು ಸಣ್ಣದಲ್ಲ. ಮುಂಗಡ ಇಲ್ಲದೆ, ಬರಹ ಇಲ್ಲದೆ ಮಾತ್ರ ಸಾಲ ಬೆಳೆಸಬೇಡಿ. ಕ್ಯಾಂಪ್ ಒಂದು ರಾತ್ರಿಯಲ್ಲಿ ಎದ್ದು ಹೋಗುತ್ತದೆ.

ಇನ್ನು ಹೊರಗಿನವರ ಮಾತು. ಬಿಹಾರ, ಒಡಿಶಾದಿಂದ, ನಮ್ಮದೇ ರಾಯಚೂರು, ಕಲಬುರಗಿ ಕಡೆಯಿಂದ ಬಂದವರು ತಗಡಿನ ಶೆಡ್ಡಿನಲ್ಲಿ ಇರುತ್ತಾರೆ. ಅವರ ಮೇಲೆ ಸಿಟ್ಟು ಮಾಡುವುದು ಸುಲಭ. ಗುತ್ತಿಗೆದಾರ ಅವರನ್ನು ತರುವುದಕ್ಕೆ ಎರಡು ಕಾರಣ: ಬಿತ್ತನೆ, ಹಬ್ಬ ಎಂದು ಕೆಲಸ ಬಿಟ್ಟು ಹೋಗುವುದಿಲ್ಲ, ಕಡಿಮೆಗೆ ದುಡಿಯುತ್ತಾರೆ. ಮೊದಲನೆಯದಕ್ಕೆ ಊರಿನವರೇ ಪಾಳಿ ಮಾಡಿಕೊಂಡು ಉತ್ತರ ಕೊಡಬಹುದು. ಎರಡನೆಯದು ನಿಲ್ಲುವುದು ಅವರಿಗೂ ಪೂರ್ತಿ ಕನಿಷ್ಠ ಕೂಲಿ ಸಿಕ್ಕಾಗ ಮಾತ್ರ. ಅವರ ಕೂಲಿ ಬಾಕಿಗೆ ನೀವು ದೂರು ಕೊಟ್ಟರೆ ನಿಮ್ಮ ಕೂಲಿಯ ದರವೂ ಉಳಿಯುತ್ತದೆ.

ಕೆಲಸ ನಡೆಯುವಾಗ ಅಳೆಯಿರಿ

ಎಂಜಿನಿಯರ್ ಆಗಬೇಕಿಲ್ಲ, ಟೇಪು ಮತ್ತು ಗುಣಾಕಾರ ಸಾಕು. 100 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದ ಸಿಸಿ ರಸ್ತೆಗೆ 45 ಘನ ಮೀಟರ್ ಕಾಂಕ್ರೀಟ್ ಬೇಕು. 6 ಘನ ಮೀಟರಿನ ಮಿಕ್ಸರ್ ಲಾರಿ ಆದರೆ ಎಂಟು ಲೋಡ್ ಬರಬೇಕು. ಆರು ಲೋಡಿಗೆ ಕೆಲಸ ಮುಗಿದರೆ ದಪ್ಪ 12 ಸೆಂಟಿಮೀಟರಿಗೆ ಇಳಿದಿದೆ. ಲಾರಿ ಎಣಿಸುವುದಕ್ಕೆ ಮಕ್ಕಳನ್ನು ಕೂರಿಸಿದರೂ ನಡೆಯುತ್ತದೆ.

ಕಬ್ಬಿಣಕ್ಕೂ ಒಂದು ಸೂತ್ರ ಇದೆ. ಕಂಬಿಯ ದಪ್ಪವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಸಿಗುತ್ತದೆ. 12 ಮಿಲಿಮೀಟರ್ ಕಂಬಿ ಮೀಟರಿಗೆ ಸುಮಾರು 890 ಗ್ರಾಂ ತೂಗಬೇಕು.

ಕ್ಯೂರಿಂಗ್, ಅಂದರೆ ಹಾಕಿದ ಕಾಂಕ್ರೀಟನ್ನು ಒದ್ದೆಯಾಗಿಡುವುದರ ಬಗ್ಗೆ ನಮ್ಮ ಕಡೆ ಜಾಸ್ತಿ ಹಠ ಬೇಕು. ಮಾಮೂಲಿ ಸಿಮೆಂಟಿಗೆ ಕನಿಷ್ಠ 7 ದಿನ, ಒಣ ಬಿಸಿಲಿನಲ್ಲಿ 10 ದಿನ ನೀರು ನಿಲ್ಲಿಸಬೇಕು. ಏಪ್ರಿಲ್‌ನಲ್ಲಿ ಚಳ್ಳಕೆರೆಯಲ್ಲಿ ಕಾಂಕ್ರೀಟ್ ಹಾಕಿ ಎರಡು ದಿನ ಗೋಣಿ ಚೀಲ ಹೊದಿಸಿ ಬಿಟ್ಟರೆ, ಎಷ್ಟು ಒಳ್ಳೆಯ ಸಿಮೆಂಟ್ ಹಾಕಿದರೂ ಬಿರುಕು ಬಿಡುತ್ತದೆ. ಕಾಂಕ್ರೀಟ್ ಎಷ್ಟು ಗಟ್ಟಿ ಎಂದು ನೋಡುವ ಕ್ಯೂಬ್ ಪರೀಕ್ಷೆ 7ನೇ ಮತ್ತು 28ನೇ ದಿನ ಆಗುತ್ತದೆ, ಅದರ ವರದಿ ಕೇಳುವ ಹಕ್ಕು ನಿಮಗಿದೆ.

ಕಾಗದ ಕೇಳುವುದು

ಮಾಹಿತಿ ಹಕ್ಕಿನಲ್ಲಿ ಕಾಗದ ಮಾತ್ರ ಅಲ್ಲ, ಕಾಮಗಾರಿಯನ್ನೇ ಪರಿಶೀಲಿಸಲು, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯಲು ಅವಕಾಶ ಇದೆ. ಇದನ್ನು ಬಳಸುವವರು ಬಹಳ ಕಡಿಮೆ. ಶುಲ್ಕ 10 ರೂಪಾಯಿ. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಉದ್ದುದ್ದ ದೂರು ಬರೆದು ತಿರಸ್ಕಾರ ಮಾಡಿಸಿಕೊಳ್ಳಬೇಡಿ. ಹೀಗೆ ಬರೆದರೆ ಸಾಕು:

"ಇಂಥ ಗ್ರಾಮದ ಇಂಥ ಕಾಮಗಾರಿಗೆ ಸಂಬಂಧಿಸಿ ಮಂಜೂರಾದ ಎಸ್ಟಿಮೇಟ್, ಗುತ್ತಿಗೆ ಕರಾರು, ಅಳತೆ ಪುಸ್ತಕ, ಪಾವತಿಯಾದ ಬಿಲ್ಲುಗಳು, ಕ್ಯೂಬ್ ಪರೀಕ್ಷಾ ವರದಿ, ಕಾರ್ಮಿಕ ಸೆಸ್ ಕಡಿತದ ವಿವರಗಳ ದೃಢೀಕೃತ ನಕಲು ಕೊಡಿ. ಕಾಮಗಾರಿ ಸ್ಥಳ ಪರಿಶೀಲನೆಗೆ ದಿನಾಂಕ ನಿಗದಿ ಮಾಡಿ."

30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅಲ್ಲಿಯೂ ಆಗದಿದ್ದರೆ 90 ದಿನದೊಳಗೆ ಆಯೋಗಕ್ಕೆ. ಆಯೋಗದಲ್ಲಿ ತಡವಾಗುತ್ತದೆ, ನಿಜ. ಆದರೆ ಅರ್ಜಿ ಬಂದಿದೆ ಎಂದರೆ ಸೈಟಿನಲ್ಲಿ ಸಿಮೆಂಟು ಸ್ವಲ್ಪ ಜಾಸ್ತಿ ಬೀಳುತ್ತದೆ, ಅದೂ ನಿಜ.

ಗ್ರಾಮ ಪಂಚಾಯಿತಿ ಕೆಲಸಗಳಿಗೆ ಇದಕ್ಕಿಂತ ಸುಲಭದ ದಾರಿ ಜಮಾಬಂದಿ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ನಡೆಯುತ್ತದೆ. ಲೆಕ್ಕ ಓದುತ್ತಾರೆ, ಕಾಮಗಾರಿ ಜಾಗಕ್ಕೂ ಹೋಗುತ್ತಾರೆ. ಟೀ ಬಿಸ್ಕೆಟಿನಲ್ಲಿ ಮುಗಿಸಲು ಬಿಡಬೇಡಿ. ದಿನ ಗೊತ್ತಾದ ಕೂಡಲೇ ಕೂಲಿಯವರನ್ನೂ ಕರೆದುಕೊಂಡು ಹೋಗಿ. ಎಷ್ಟು ಚೀಲ ಸಿಮೆಂಟ್ ಬಿತ್ತು ಎಂದು ಅವರಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ದುಡ್ಡು ತಿಂದ ಪುರಾವೆ ಇದ್ದರೆ ಲೋಕಾಯುಕ್ತ. ದೂರು ನಮೂನೆ 1ರಲ್ಲಿ, ಪ್ರಮಾಣ ಪತ್ರ ನಮೂನೆ 2ರಲ್ಲಿ. ಅನುಮಾನ ಮಾತ್ರ ಇದ್ದರೆ ಅಲ್ಲಿಗೆ ಹೋಗಬೇಡಿ, ಮೊದಲು ಎಷ್ಟು ಕೆಲಸ ಆಯಿತು ಎಂದು ಎಂಜಿನಿಯರ್ ಬರೆದಿಡುವ ಅಳತೆ ಪುಸ್ತಕ ತೆಗೆಸಿ. ಸಣ್ಣ ಪುಟ್ಟ ದೂರಿಗೆ 1902 ಸಹಾಯವಾಣಿ ಸಾಕು, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಠೇವಣಿ ವಾಪಸ್ ಹೋಗುವ ಮೊದಲು

ರಸ್ತೆ ಉದ್ಘಾಟನೆ ಆದ ಮೇಲೂ ಗುತ್ತಿಗೆದಾರನ ಭದ್ರತಾ ಠೇವಣಿ ಇಲಾಖೆಯ ಹತ್ತಿರ ಇರುತ್ತದೆ. ದೋಷ ಹೊಣೆಗಾರಿಕೆ ಅವಧಿಯಲ್ಲಿ ಗುಂಡಿ ಬಿದ್ದರೆ, ಚರಂಡಿ ಕುಸಿದರೆ ಅವನೇ ಸ್ವಂತ ಖರ್ಚಿನಲ್ಲಿ ಸರಿ ಮಾಡಬೇಕು. ಪ್ರಧಾನಮಂತ್ರಿ ಗ್ರಾಮ ಸಡಕ್ ರಸ್ತೆಗಳಿಗೆ ಇದು ಐದು ವರ್ಷ, ಉಳಿದವಕ್ಕೆ ಅಗ್ರಿಮೆಂಟಿನಲ್ಲಿ ಬರೆದಷ್ಟು. ಕೆಲಸ ಮುಗಿದ ದಿನಾಂಕ ತಿಳಿದುಕೊಂಡು, ಅವಧಿ ಮುಗಿಯುವ ದಿನವನ್ನು ಪಂಚಾಯಿತಿ ಗೋಡೆಯ ಮೇಲೆ ಬರೆಸಿದರೂ ತಪ್ಪಿಲ್ಲ.

ಪ್ರತಿ ಮಳೆಗಾಲ ಮುಗಿದ ಮೇಲೆ ಒಮ್ಮೆ, ಅವಧಿ ಮುಗಿಯಲು ಎರಡು ತಿಂಗಳು ಇರುವಾಗ ಇನ್ನೊಮ್ಮೆ ರಸ್ತೆಯ ಉದ್ದಕ್ಕೂ ನಡೆದು ಹೋಗಿ. ಗುಂಡಿ, ಬಿರುಕು, ಒಡೆದ ಮೋರಿ, ಎಲ್ಲದರ ಫೋಟೋ ತೆಗೆಯಿರಿ. ಇಇಗೆ ಪತ್ರ ಬರೆದು, "ದುರಸ್ತಿ ಆಗುವವರೆಗೆ ಭದ್ರತಾ ಠೇವಣಿ ಬಿಡುಗಡೆ ಮಾಡಬಾರದು" ಎಂಬ ಸಾಲು ಸೇರಿಸಿ. ಕೂಲಿ ಬಾಕಿ ಯಾರದ್ದಾದರೂ ಉಳಿದಿದ್ದರೆ ಅದನ್ನೂ ಅದೇ ಪತ್ರದಲ್ಲಿ ಬರೆಯಿರಿ, ಯಾಕೆಂದರೆ ಅದನ್ನು ವಸೂಲು ಮಾಡಲು ಇಲಾಖೆಯ ಕೈಯಲ್ಲಿ ಉಳಿದಿರುವುದು ಆ ಠೇವಣಿ ಮಾತ್ರ. ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಮತ್ತು ದಿನಾಂಕ ಹಾಕಿಸಿಕೊಂಡು ಬನ್ನಿ.